ಒಂದೇ ಅಲೆ, ಎರಡು ಲೆಕ್ಕ: ಗೌರಿಬಿದನೂರು ಭೂಕಂಪಮಾಪಕ ಸರಣಿಯ ಒಂದು ಪ್ರಕರಣ ಅಧ್ಯಯನ

1998ರ ಮೇ 11ರಂದು ಮಧ್ಯಾಹ್ನ ಮೂರೂಮುಕ್ಕಾಲರ ಹೊತ್ತಿಗೆ ರಾಜಸ್ಥಾನದ ಪೋಖ್ರಾನ್ ಮರಳುಗಾಡಿನ ಅಡಿಯಲ್ಲಿ ಮೂರು ಅಣು ಸಾಧನಗಳನ್ನು ಏಕಕಾಲಕ್ಕೆ ಸಿಡಿಸಲಾಯಿತು. ಮೂರೂವರೆ ನಿಮಿಷ ಕಳೆಯುವಷ್ಟರಲ್ಲಿ ಅದರ ಮೊದಲ ಅಲೆ ಸುಮಾರು 1,600 ಕಿಲೋಮೀಟರ್ ದಾಟಿ ಗೌರಿಬಿದನೂರಿನ ಬಂಡೆಗೆ ಬಂದಿತ್ತು. ಹೊಲದಲ್ಲಿದ್ದವರಿಗೂ ಬಸ್ ನಿಲ್ದಾಣದಲ್ಲಿದ್ದವರಿಗೂ ಅದು ತಿಳಿಯುವಂಥದ್ದಲ್ಲ. ತಾಲ್ಲೂಕಿನ ನೆಲದಲ್ಲಿ ಗುಂಡಿ ತೋಡಿ ಕೂರಿಸಿರುವ ಇಪ್ಪತ್ತು ಭೂಕಂಪಮಾಪಕಗಳಿಗೆ ಮಾತ್ರ ತಿಳಿಯುವಂಥದ್ದು. ದೇಶಕ್ಕೆ ಸುದ್ದಿ ಗೊತ್ತಾದದ್ದು ಸಂಜೆ, ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಸುದ್ದಿಗಾರರ ಮುಂದೆ ನಿಂತು ಹೇಳಿದ ಮೇಲೆ.

ಸ್ಫೋಟ ನಡೆಯಿತೇ ಇಲ್ಲವೇ ಎಂಬ ಬಗ್ಗೆ ಜಗತ್ತಿನಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಎಷ್ಟು ದೊಡ್ಡದು ಎಂಬ ಜಗಳ ಮಾತ್ರ ಇಂದಿಗೂ ಮುಗಿದಿಲ್ಲ. ಭಾರತದ ಅಣುಶಕ್ತಿ ಇಲಾಖೆಯ ಪ್ರಕಾರ ಥರ್ಮೋನ್ಯೂಕ್ಲಿಯರ್, ಅಂದರೆ ಹೈಡ್ರೋಜನ್ ಬಾಂಬ್ ಬಗೆಯ, ಸಾಧನ ಸುಮಾರು 45 ಕಿಲೋಟನ್ (ಒಂದು ಕಿಲೋಟನ್ ಎಂದರೆ ಸಾವಿರ ಟನ್ ಟಿಎನ್‌ಟಿಯಷ್ಟು ಶಕ್ತಿ), ವಿದಳನ ಸಾಧನ ಸುಮಾರು 15, ಮೂರನೆಯದು 0.2, ಒಟ್ಟು 60ರ ಆಸುಪಾಸು. ಅಮೆರಿಕ ಮತ್ತು ಬ್ರಿಟನ್ನಿನ ಭೂಕಂಪಶಾಸ್ತ್ರಜ್ಞರು ದೂರದ ಕೇಂದ್ರಗಳ ದಾಖಲೆ ನೋಡಿ ಹೇಳಿದ್ದು 10ರಿಂದ 15 ಕಿಲೋಟನ್. ನಾಲ್ಕರಿಂದ ಆರು ಪಟ್ಟು ವ್ಯತ್ಯಾಸವಿದು. ಒಂದು ಕಡೆಯವರು ಇದನ್ನು ವಿದೇಶಿಯರ ಕುಹಕವೆಂದರು, ಇನ್ನೊಂದು ಕಡೆಯವರು ಸರ್ಕಾರದ ಉತ್ಪ್ರೇಕ್ಷೆಯೆಂದರು. ನನಗೆ ಎರಡೂ ಸೋಮಾರಿ ಉತ್ತರಗಳಾಗಿ ಕಾಣುತ್ತವೆ. ಜಗಳದ ದೊಡ್ಡ ಪಾಲು ಇರುವುದು ಬಂಡೆಯಲ್ಲಿ. ಉಳಿದ ಪಾಲು ಬೀಗ ಹಾಕಿಟ್ಟ ದತ್ತಾಂಶದಲ್ಲಿ. ಅದನ್ನು ತಿಳಿಯಲು ಗೌರಿಬಿದನೂರಿಗಿಂತ ಒಳ್ಳೆಯ ಜಾಗವಿಲ್ಲ.

ಈ ಉಪಕರಣ ಇಲ್ಲೇಕೆ ಬಂತು

ನಮ್ಮ ಕಡೆ ಯಾರನ್ನಾದರೂ ಕೇಳಿದರೆ ರೇಡಿಯೊ ದೂರದರ್ಶಕಕ್ಕೆ ದಾರಿ ತೋರಿಸುತ್ತಾರೆ. ಸೂರ್ಯನ ರೇಡಿಯೊ ಅಲೆ ಹಿಡಿಯುವ ಆಂಟೆನಾಗಳ ಆ ಸಾಲು ಕಣ್ಣಿಗೆ ಕಾಣುತ್ತದೆ, ಶಾಲಾ ಮಕ್ಕಳ ಪ್ರವಾಸವೂ ಅಲ್ಲಿಗೇ ಹೋಗುತ್ತದೆ. ಅದಕ್ಕಿಂತ ಹತ್ತು ವರ್ಷ ಮೊದಲೇ, 1965ರಲ್ಲಿ, ಬಂದ ಭೂಕಂಪಮಾಪಕ ಸರಣಿ ನೆಲದ ಕೆಳಗಿರುವುದರಿಂದ ಅದರ ಸುದ್ದಿ ಊರಿನಲ್ಲಿ ಅಷ್ಟಾಗಿ ಇಲ್ಲ. ಆಗ ಇದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅದೇ 1965ರಲ್ಲಿ ಅದೇ ಜಿಲ್ಲೆಯ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ಎರಡು ಕಿಲೋಮೀಟರಿಗಿಂತ ಆಳದಲ್ಲಿ, ವಾತಾವರಣದಿಂದ ಬಂದ ನ್ಯೂಟ್ರಿನೊಗಳನ್ನು ಹಿಡಿದದ್ದು ಬೇರೆಯದೇ ಕಥೆ. ಒಂದೇ ವರ್ಷ, ಒಂದೇ ಜಿಲ್ಲೆ, ಒಂದೇ ಹಳೆಯ ಬಂಡೆ. ಆದರೂ ನಮ್ಮ ಪಠ್ಯಪುಸ್ತಕಗಳಲ್ಲಿ ಎರಡಕ್ಕೂ ಜಾಗ ಸಿಕ್ಕಿಲ್ಲ ಎಂಬುದು ನನ್ನ ಹಳೆಯ ಕೊರಗು.

ಸರಣಿಯ ಹಿಂದೆ ಇದ್ದದ್ದು ಒಂದು ಒಪ್ಪಂದದ ಬಿರುಕು. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ 15 ಮೆಗಾಟನ್ ಬಾಂಬ್ ಸಿಡಿಸಿದ ಒಂದು ತಿಂಗಳಿಗೆ, ಏಪ್ರಿಲ್ 2ರಂದು, ನೆಹರೂ ಲೋಕಸಭೆಯಲ್ಲಿ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕೇಳಿದರು. ಹಾಗೆ ಕೇಳಿದ ಮೊದಲ ರಾಷ್ಟ್ರನಾಯಕ ಅವರು. 1963ರಲ್ಲಿ ಭಾಗಶಃ ನಿಷೇಧ ಬಂತು. ಗಾಳಿಯಲ್ಲಿ, ನೀರಿನಡಿ, ಬಾಹ್ಯಾಕಾಶದಲ್ಲಿ ಸಿಡಿಸುವಂತಿಲ್ಲ ಎಂದಾಯಿತು. ಭಾರತವೂ ಸಹಿ ಹಾಕಿತು. ಭೂಗತ ಪರೀಕ್ಷೆ ಮಾತ್ರ ಹೊರಗೆ ಉಳಿಯಿತು, ಏಕೆಂದರೆ ಅದನ್ನು ಪತ್ತೆ ಮಾಡುವ ಬಗೆಯಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಮ್ಮತಕ್ಕೆ ಬರಲಿಲ್ಲ. ನಿಮ್ಮ ನೆಲಕ್ಕೆ ಬಂದು ನೋಡುತ್ತೇವೆ ಎಂದರು ಅಮೆರಿಕದವರು. ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಬಿಡುವುದಿಲ್ಲ ಎಂದರು ಸೋವಿಯತ್‌ನವರು.

ಯಾರ ನೆಲಕ್ಕೂ ಕಾಲಿಡದೆ ದೂರದಿಂದಲೇ ಗುರುತಿಸಲು ಸಾಧ್ಯವೇ ಎಂದು ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದವರು ಹುಡುಕಿದ ದಾರಿಯೇ ಈ ಸರಣಿಗಳು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗ, ಇತ್ತ ನಮ್ಮ ಗೌರಿಬಿದನೂರು. ಇಲ್ಲಿ ಜೊತೆಗೂಡಿದವರು ಇಂದಿನ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ), ಆಗಿನ ಟ್ರಾಂಬೆಯ ಅಣುಶಕ್ತಿ ಸಂಸ್ಥೆಯವರು. ಸಮುದ್ರ ದೂರ, ಗಟ್ಟಿಯಾದ ಪುರಾತನ ನೈಸ್ ಶಿಲೆ, ಆಗಿನ ಕಾಲಕ್ಕೆ ಗದ್ದಲವೂ ಕಡಿಮೆ.

ಇಪ್ಪತ್ತು ಗುಂಡಿಗಳ ಲೆಕ್ಕ

ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತೋಳುಗಳು. ಒಂದೊಂದರಲ್ಲಿ ಹತ್ತು ಮಾಪಕಗಳು, ಒಂದರಿಂದ ಒಂದಕ್ಕೆ ಸುಮಾರು ಎರಡೂವರೆ ಕಿಲೋಮೀಟರ್. ಒಂದು ತೋಳಿನ ಉದ್ದ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು. ದೂರದ ಅಲೆ ಭೂಗರ್ಭದಿಂದ ಮೇಲಕ್ಕೆ ಓರೆಯಾಗಿ ಬಂದು ಮಾಪಕಗಳನ್ನು ಒಂದಾದ ಮೇಲೊಂದರಂತೆ ಮುಟ್ಟುತ್ತದೆ. ಮೇಲ್ಮೈಯಲ್ಲಿ ಅದರ ತೋರಿಕೆಯ ವೇಗ ಸೆಕೆಂಡಿಗೆ 16 ಕಿಲೋಮೀಟರ್ ಎಂದಿಟ್ಟುಕೊಂಡರೆ ಒಂದು ತೋಳನ್ನು ದಾಟಲು ಒಂದೂವರೆ ಸೆಕೆಂಡೂ ಬೇಡ. ಆ ಸಣ್ಣ ತಡಗಳಿಂದ ಎರಡು ವಿಷಯ ಗೊತ್ತಾಗುತ್ತವೆ: ಅಲೆ ಯಾವ ದಿಕ್ಕಿನಿಂದ ಬಂತು, ಎಷ್ಟು ದೂರದಿಂದ ಬಂತು. ತಡಗಳನ್ನು ಸರಿಪಡಿಸಿ ಇಪ್ಪತ್ತೂ ದಾಖಲೆಗಳನ್ನು ಕೂಡಿಸಿದರೆ ಸಂಕೇತ ಇಪ್ಪತ್ತು ಪಟ್ಟು ಬೆಳೆಯುತ್ತದೆ, ಗೊತ್ತುಗುರಿಯಿಲ್ಲದ ಗದ್ದಲ ನಾಲ್ಕೂವರೆ ಪಟ್ಟು ಮಾತ್ರ. ಬೇರೆಡೆ ಗದ್ದಲದಲ್ಲಿ ಮುಳುಗುವ ಸ್ಫೋಟ ಹೀಗೆ ಇಲ್ಲಿ ಎದ್ದು ಕಾಣುತ್ತದೆ.

ಸ್ಫೋಟವೋ ಭೂಕಂಪವೋ ಎಂಬುದು ಮುಂದಿನ ಪ್ರಶ್ನೆ. ಪಿಯುಸಿ ತರಗತಿಯಲ್ಲಿ ನಾನು ಇದನ್ನು ಹೇಳುವಾಗ ಜಲ್ಲಿ ಕ್ರಷರ್‌ಗೆ ಟಿಪ್ಪರ್ ಓಡಿಸುವವರೊಬ್ಬರ ಮಗ ಕೇಳಿದ: “ಸರ್, ನಮ್ಮ ಕ್ವಾರಿಯಲ್ಲಿ ಬ್ಲಾಸ್ಟಿಂಗ್ ಮಾಡುವುದೂ ಅದಕ್ಕೆ ಗೊತ್ತಾಗುತ್ತದೆಯೇ?” ಗೊತ್ತಾಗುತ್ತದೆ. ಕ್ವಾರಿಯಲ್ಲಿ ಒಂದೇ ಏಟಿಗೆ ಎಲ್ಲ ಕುಳಿಗಳನ್ನೂ ಸಿಡಿಸುವುದಿಲ್ಲ. ಡಿಲೇ ಡಿಟೋನೇಟರ್ ಹಾಕಿ ಮಿಲಿಸೆಕೆಂಡುಗಳ ಅಂತರದಲ್ಲಿ ಸಾಲಾಗಿ ಸಿಡಿಸುತ್ತಾರೆ. ಆ ಸಾಲಿನ ಗುರುತು ಅಲೆಯಲ್ಲಿ ಉಳಿಯುತ್ತದೆ. ಅಣು ಸ್ಫೋಟದಲ್ಲಿ ಇಡೀ ಶಕ್ತಿ ಒಂದು ಮೈಕ್ರೋಸೆಕೆಂಡಿನ ಆಸುಪಾಸಿನಲ್ಲಿ ಬಿಡುಗಡೆಯಾಗಿ ಬಂಡೆಯನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಯಾವ ಕೇಂದ್ರದಲ್ಲಿ ನೋಡಿದರೂ ಮೊದಲ ಚಲನೆ ಮೇಲ್ಮುಖ. ಭೂಕಂಪದಲ್ಲಿ ಬಿರುಕಿನ ಎರಡು ಬದಿಗಳು ಒಂದರ ಮೇಲೊಂದು ಜಾರುತ್ತವೆ. ಕೆಲವು ಕೇಂದ್ರಗಳಿಗೆ ಮೇಲ್ಮುಖ, ಕೆಲವಕ್ಕೆ ಕೆಳಮುಖ. ಜೊತೆಗೆ, ಒಂದೇ ಗಾತ್ರದ ಭೂಕಂಪಕ್ಕೆ ಹೋಲಿಸಿದರೆ ಸ್ಫೋಟ ಎಬ್ಬಿಸುವ ಮೇಲ್ಮೈ ಅಲೆ ತೀರ ದುರ್ಬಲ.

ಈ ಪ್ರಶ್ನೆ ನಮ್ಮ ಜಿಲ್ಲೆಯವರಿಗೆ ಪುಸ್ತಕದ್ದಲ್ಲ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಮಂದಿ ಸತ್ತರು. ಅದೇ ವರ್ಷ ಡಿಸೆಂಬರ್ 22ರ ಬೆಳಿಗ್ಗೆ ಕೆಲವೇ ನಿಮಿಷಗಳ ಅಂತರದಲ್ಲಿ 3ರ ಆಸುಪಾಸಿನ ತೀವ್ರತೆಯ ಎರಡು ಕಂಪನಗಳಾದಾಗ ಹಳ್ಳಿಗಳಲ್ಲಿ ಪಾತ್ರೆಗಳು ಉರುಳಿ ಜನ ಮನೆಯಿಂದ ಹೊರಗೆ ಓಡಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಇದು ಕ್ವಾರಿಯೋ, ಭೂಕಂಪವೋ? ಅದು ಭೂಕಂಪವೇ ಎಂದು ಹೇಳಿದ್ದು ಭೂಕಂಪಮಾಪಕಗಳ ದಾಖಲೆ. ಅಣು ಪರೀಕ್ಷೆ ನಿಷೇಧಿಸುವ ಮಾತುಕತೆಯಲ್ಲಿ ಜಿನೀವಾದಲ್ಲಿ ರಾಯಭಾರಿಗಳು ದಶಕಗಳ ಕಾಲ ಕಿತ್ತಾಡಿದ್ದು ಇದೇ ಪ್ರಶ್ನೆಯ ಮೇಲೆ. ಅಲ್ಲಿ ಕ್ವಾರಿಯ ಬದಲು ಬಾಂಬ್.

ಮೂರನೆಯ ಬಗೆಯೂ ಒಂದಿದೆ, ಅದನ್ನು ಕೋಲಾರದವರು ಚೆನ್ನಾಗಿ ಬಲ್ಲರು. ಕೆಜಿಎಫ್‌ನಲ್ಲಿ ಗಣಿಯ ಆಳದಲ್ಲಿ ಒತ್ತಡ ತಾಳದೆ ಬಂಡೆ ತಾನೇ ಸಿಡಿದು ಕುಸಿಯುತ್ತಿತ್ತು. ರಾಕ್ ಬರ್ಸ್ಟ್ ಎಂದರೆ ಮೇಲಿನ ಕ್ವಾರ್ಟರ್ಸ್‌ಗಳಲ್ಲೂ ಗೋಡೆ ಅದುರುತ್ತಿತ್ತು. ಕುಸಿತದಲ್ಲಿ ಬಂಡೆ ಒಳಕ್ಕೆ ಸರಿಯುತ್ತದೆ, ಸ್ಫೋಟಕ್ಕೆ ತದ್ವಿರುದ್ಧ. 2017ರ ಸೆಪ್ಟೆಂಬರ್ 3ರಂದು ಉತ್ತರ ಕೊರಿಯಾ ತನ್ನ ಆರನೆಯ ಮತ್ತು ಅತಿ ದೊಡ್ಡ ಪರೀಕ್ಷೆ ನಡೆಸಿ ಎಂಟೂವರೆ ನಿಮಿಷವಾಗುವಷ್ಟರಲ್ಲಿ ಇನ್ನೊಂದು ಕಂಪನ ದಾಖಲಾಯಿತು. ಎರಡನೆಯ ಬಾಂಬೇ ಎಂದು ಗಾಬರಿಯಾದವರಿಗೆ ಅಲೆಯ ಆಕಾರವೇ ಉತ್ತರ ಕೊಟ್ಟಿತು: ಸ್ಫೋಟದಿಂದ ಟೊಳ್ಳಾದ ಬೆಟ್ಟ ಕುಸಿದಿತ್ತು.

ಬಂಡೆಯ ತಕರಾರು

ಈಗ ಮುಖ್ಯ ವಿಷಯ. ದಿಕ್ಕು, ದೂರ, ಬಗೆ, ಇವು ಮೂರೂ ಅಲೆಯಿಂದ ನೇರವಾಗಿ ಸಿಗುತ್ತವೆ. ಕಿಲೋಟನ್ ಹಾಗೆ ಸಿಗುವುದಿಲ್ಲ. ಅಲೆ ಕೊಡುವುದು ತೀವ್ರತೆಯ ಅಂಕಿ ಮಾತ್ರ. ಅದನ್ನು ಕಿಲೋಟನ್ ಮಾಡಲು ಒಂದು ಸೂತ್ರ ಬೇಕು, ಆ ಸೂತ್ರ ನೆಲದಿಂದ ನೆಲಕ್ಕೆ ಬೇರೆ.

ಇದನ್ನು ಜಗತ್ತು ಕಲಿತದ್ದು ಗೌರಿಬಿದನೂರಿಗೆ ನೇರ ಉತ್ತರಕ್ಕೆ, ಹೆಚ್ಚುಕಡಿಮೆ ಅದೇ ರೇಖಾಂಶದಲ್ಲಿ, 4,000 ಕಿಲೋಮೀಟರ್ ಆಚೆ ಇರುವ ಕಜಾಕಿಸ್ತಾನದ ಸೆಮಿಪಲಾಟಿನ್ಸ್ಕ್‌ನಲ್ಲಿ. 1949ರಿಂದ 1989ರವರೆಗೆ ಸೋವಿಯತ್ ಒಕ್ಕೂಟ ಅಲ್ಲಿ 456 ಪರೀಕ್ಷೆಗಳನ್ನು ನಡೆಸಿತು. ಅಲ್ಲಿನ ಭೂಗತ ಸ್ಫೋಟಗಳ ಅಲೆ ಏಳು ನಿಮಿಷದಲ್ಲಿ ನಮ್ಮ ತಾಲ್ಲೂಕಿಗೆ ಬರುತ್ತಿತ್ತು. ಆ ದಾಖಲೆಗಳನ್ನು ಬಾರ್ಕ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1974ರ ಜುಲೈನಲ್ಲಿ ಎರಡೂ ಮಹಾಶಕ್ತಿಗಳು 150 ಕಿಲೋಟನ್ ಮಿತಿಗೆ ಒಪ್ಪಿಕೊಂಡವು. ಆಮೇಲೆ ಸೋವಿಯತ್ ಒಕ್ಕೂಟ ಮಿತಿ ಮೀರುತ್ತಿದೆ ಎಂಬ ಆರೋಪ ಬಂತು, ರೇಗನ್ ಆಡಳಿತವಂತೂ ಅದನ್ನು ಅಧಿಕೃತವಾಗಿಯೇ ಹೇಳಿತು.

ಸೂತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಪರೀಕ್ಷಾ ನೆಲೆಯಾದ ನೆವಾಡಾಕ್ಕೆ ಬಳಕೆಯಲ್ಲಿರುವ ಸೂತ್ರದಲ್ಲಿ ತೀವ್ರತೆ ಎಂದರೆ 3.92 ಕೂಡಿಸು 0.81 ಸಲ ಕಿಲೋಟನ್‌ನ ಲಾಗರಿದಮ್. ಕಜಾಕಿಸ್ತಾನಕ್ಕೆ 4.45 ಕೂಡಿಸು 0.75 ಸಲ ಅದೇ ಲಾಗರಿದಮ್. ಕಜಾಕಿಸ್ತಾನದಲ್ಲಿ ಪ್ರಾಮಾಣಿಕವಾಗಿ 150 ಕಿಲೋಟನ್ ಸಿಡಿಸಿದರೆ ತೀವ್ರತೆ 6.1ರ ಹತ್ತಿರ ಬರುತ್ತದೆ. ಅದೇ ಅಂಕಿಯನ್ನು ನೆವಾಡಾದ ಸೂತ್ರಕ್ಕೆ ಹಾಕಿದರೆ 450 ಕಿಲೋಟನ್ ದಾಟುತ್ತದೆ! ನೆವಾಡಾದ ಕೆಳಗಿನ ಮ್ಯಾಂಟಲ್, ಅಂದರೆ ಭೂಮಿಯ ಹೊರಚಿಪ್ಪಿನ ಅಡಿಯ ಪದರ, ಬಿಸಿಯಾಗಿದ್ದು ಅಲೆಯನ್ನು ನುಂಗುತ್ತದೆ, ಕಜಾಕಿಸ್ತಾನದ ಕೆಳಗಿನದು ತಣ್ಣಗೆ ಗಟ್ಟಿಯಾಗಿದ್ದು ಅಲೆಯನ್ನು ಸಾಗಿಸುತ್ತದೆ. ವಾದ ಬಗೆಹರಿಯಲು 1988ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಎರಡೂ ದೇಶಗಳ ವಿಜ್ಞಾನಿಗಳು ಪರಸ್ಪರರ ಪರೀಕ್ಷಾ ನೆಲೆಗೆ ಹೋಗಿ, ಬಾಂಬ್ ಇಳಿಸಿದ ಬಾವಿಯ ಪಕ್ಕದಲ್ಲೇ ಉಪಕರಣ ಇಟ್ಟು ಅಳೆಯಬೇಕಾಯಿತು. ಅಲ್ಲಿಯವರೆಗೆ ಬಂಡೆಯ ಗುಣ ದೇಶದ ಗುಣವಾಗಿ ಓದಿಸಿಕೊಂಡಿತ್ತು.

ಪೋಖ್ರಾನ್‌ಗೆ ಬನ್ನಿ. ಮೇ 11ಕ್ಕೆ ಹೊರಗಿನ ಜಾಲಗಳು ಕೊಟ್ಟ ತೀವ್ರತೆ 5.2. ಕಜಾಕಿಸ್ತಾನದ ಸೂತ್ರದಲ್ಲಿ ಅದು 10 ಕಿಲೋಟನ್, ನೆವಾಡಾದ ಸೂತ್ರದಲ್ಲಿ 38. ಬಾರ್ಕ್ ವಿಜ್ಞಾನಿಗಳು ತೀವ್ರತೆಯೇ 5.4 ಎಂದರು, ಆಗ 18 ಮತ್ತು 67. ಅಂದರೆ ಯಾರೂ ಸುಳ್ಳು ಹೇಳದೆಯೇ 10ರಿಂದ 67ರವರೆಗೆ ಹೋಗಬಹುದು. ಪಶ್ಚಿಮ ರಾಜಸ್ಥಾನದ ಅಡಿ ಯಾವುದಕ್ಕೆ ಹತ್ತಿರ ಎಂಬುದೇ ಪ್ರಶ್ನೆ. ಹೊರಗಿನವರು ಸ್ಥಿರವಾದ ಗಟ್ಟಿ ಶಿಲೆ ಎಂದು ಕಜಾಕಿಸ್ತಾನದ ಕಡೆ ವಾಲಿದರು.

ಭಾರತದ ಕಡೆಯ ವಾದಗಳು ಮೂರು. ದೊಡ್ಡ ಎರಡು ಬಾವಿಗಳ ನಡುವೆ ಸುಮಾರು ಒಂದು ಕಿಲೋಮೀಟರ್ ಅಂತರವಿದ್ದು ಏಕಕಾಲಕ್ಕೆ ಸಿಡಿದದ್ದರಿಂದ ಅಲೆಗಳು ಕೆಲವು ದಿಕ್ಕುಗಳಲ್ಲಿ ಪರಸ್ಪರ ಕುಂದಿಸಿಕೊಂಡವು ಎಂಬುದು ಮೊದಲನೆಯದು. ಕಾಗದದ ಮೇಲೆ ನಾನು ಹಾಕಿದ ಲೆಕ್ಕ ಇದಕ್ಕೆ ಅಷ್ಟು ಬೆಂಬಲ ಕೊಡುವುದಿಲ್ಲ. ಬಂಡೆಯಲ್ಲಿ ಒಂದು ಹರ್ಟ್ಸ್ ಅಲೆಯ, ಅಂದರೆ ಸೆಕೆಂಡಿಗೊಮ್ಮೆ ಕಂಪಿಸುವ ಅಲೆಯ, ಉದ್ದ ಐದಾರು ಕಿಲೋಮೀಟರ್. ಒಂದು ಕಿಲೋಮೀಟರ್ ಅಂತರ ಅದರ ಐದನೆಯ ಒಂದು ಭಾಗಕ್ಕಿಂತ ಹೆಚ್ಚಲ್ಲ. ತೀರ ಕೆಟ್ಟ ದಿಕ್ಕಿನಲ್ಲೂ ತೀವ್ರತೆ 0.1ರಷ್ಟು ಕುಂದಬಹುದು, ದೂರದ ಕೇಂದ್ರಗಳಿಗೆ ಅಲೆ ಕಡಿದಾಗಿ ಕೆಳಗಿಳಿಯುವುದರಿಂದ ಅಷ್ಟೂ ಇರದು. 1974ರ ಮೇ 18ರ ಸ್ಫೋಟದೊಂದಿಗಿನ ಹೋಲಿಕೆ ಎರಡನೆಯ ವಾದ. ಅದೇ ನೆಲ, ಅದೇ ಕೇಂದ್ರಗಳು. ಆಗಿನದು 12 ಕಿಲೋಟನ್ ಆಗಿದ್ದರೆ ಅಲೆಗಳ ಅನುಪಾತದಿಂದ ಈಗಿನದು ತಿಳಿಯುತ್ತದೆ. ವಿಧಾನ ಸರಿಯಾದದ್ದೇ, ಸೂತ್ರದ ಗೊಡವೆಯೇ ಇಲ್ಲ. ಆದರೆ ಹೊರಗಿನವರು 1974ರದನ್ನೂ 12ಕ್ಕಿಂತ ಕಡಿಮೆ ಎಂದೇ ಲೆಕ್ಕ ಹಾಕಿದ್ದಾರೆ. ಅಡಿಗಲ್ಲು ಅಲುಗಿದರೆ ಗೋಡೆಯೂ ಅಲುಗುತ್ತದೆ. ಮೂರನೆಯದು, ಬಾವಿಯ ಜಾಗದಲ್ಲಿ ಕೊರೆದು ತೆಗೆದ ಶಿಲಾ ಮಾದರಿಗಳ ವಿಕಿರಣ ರಾಸಾಯನಿಕ ವಿಶ್ಲೇಷಣೆ. ಮೂರರಲ್ಲಿ ಅತಿ ಬಲವಾದ ಸಾಕ್ಷ್ಯ ಇದು, ಹೊರಗಿನವರು ಪರಿಶೀಲಿಸಲು ಆಗದಿರುವುದೂ ಇದೇ.

2009ರ ಆಗಸ್ಟ್‌ನಲ್ಲಿ ಜಗಳ ಒಳಮನೆಗೆ ಬಂತು. 1998ರ ಪರೀಕ್ಷೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪರವಾಗಿ ಮುಂಚೂಣಿಯಲ್ಲಿದ್ದ ಕೆ. ಸಂತಾನಂ ಥರ್ಮೋನ್ಯೂಕ್ಲಿಯರ್ ಸಾಧನ ಉದ್ದೇಶಿಸಿದಷ್ಟು ಕೆಲಸ ಮಾಡಲಿಲ್ಲ ಎಂದರು. ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಮತ್ತು 1998ರಲ್ಲಿ ಆ ಸ್ಥಾನದಲ್ಲಿದ್ದ ಆರ್. ಚಿದಂಬರಂ ಅದನ್ನು ಅಲ್ಲಗಳೆದರು. ಇದು ಬರೀ ವಿಜ್ಞಾನಿಗಳ ಮುನಿಸಲ್ಲ. ಬಾಂಬ್ ಸರಿಯಾಗಿ ಸಿಡಿಯಲಿಲ್ಲ ಎಂದು ನಂಬಿದವರು ಇನ್ನೊಮ್ಮೆ ಪರೀಕ್ಷಿಸಬೇಕು ಎನ್ನುತ್ತಾರೆ. ಭಾರತ ಪರೀಕ್ಷಿಸಿದರೆ ಪಾಕಿಸ್ತಾನ ಸುಮ್ಮನಿರದು. 1998ರಲ್ಲಿ ಮೇ 28 ಮತ್ತು 30ರಂದು ಚಾಗೈ ಮತ್ತು ಖಾರನ್‌ನಲ್ಲಿ ಅದು ಉತ್ತರ ಕೊಡಲು ಮೂರು ವಾರವೂ ಹಿಡಿಯಲಿಲ್ಲ. ಒಂದು ದಶಮಾಂಶದ ಆಚೀಚೆ ಇರುವ ಅಂಕಿ ಹೀಗೆ ಎರಡು ದೇಶಗಳ ಶಸ್ತ್ರ ಪೈಪೋಟಿಗೆ ಕೈ ಹಾಕುತ್ತದೆ.

ಮೇ 13: ಯಾರಿಗೂ ಕೇಳಿಸದ ಜೋಡಿ

ಎರಡು ದಿನದ ನಂತರ ಇನ್ನೆರಡು ಸಾಧನಗಳು, 0.5 ಮತ್ತು 0.3 ಕಿಲೋಟನ್ ಎಂದು ಸರ್ಕಾರ ಹೇಳಿತು. ಪೋಖ್ರಾನ್‌ನಿಂದ 740 ಕಿಲೋಮೀಟರ್ ದೂರದ ಪಾಕಿಸ್ತಾನದ ನಿಲೋರ್ ಕೇಂದ್ರದಲ್ಲಿ ಏನೂ ಕಾಣಲಿಲ್ಲ, ಮೇ 11ರದು ಅಲ್ಲಿ ನಿಚ್ಚಳವಾಗಿ ಕಂಡಿತ್ತು. ಘೋಷಿಸಿದ್ದಕ್ಕಿಂತ ತೀರ ಸಣ್ಣದಿರಬೇಕು ಎಂದರು ಹೊರಗಿನವರು. ಮರಳಿನ ದಿಬ್ಬದಲ್ಲಿ ಸಿಡಿಸಿದ್ದೇವೆ ಎಂದರು ನಮ್ಮವರು. ಸಡಿಲವಾದ ಒಣಮರಳು ರಾಗಿ ಮೂಟೆಗೆ ಗುದ್ದಿದ ಹಾಗೆ ಏಟನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ ಎಂಬುದೇನೋ ನಿಜ. ಎಷ್ಟು ಇಟ್ಟುಕೊಂಡಿತು ಎಂಬುದಕ್ಕೆ ಹತ್ತಿರದ ದಾಖಲೆ ಬೇಕು.

ನಿಷೇಧ ಒಪ್ಪಂದದ ವಿರೋಧಿಗಳು ಈ ಜೋಡಿಯನ್ನು ಆಗಾಗ ಎತ್ತಿ ತೋರಿಸುತ್ತಾರೆ: ನೋಡಿ, ಸಣ್ಣದನ್ನು ಹಿಡಿಯಲಾಗುವುದಿಲ್ಲ. ನಾನು ಒಪ್ಪುವುದಿಲ್ಲ. ಯುದ್ಧಕ್ಕೆ ನೆಚ್ಚಬಹುದಾದ ಹೊಸ ಬಾಂಬ್ ಮಾಡಲು ಹೊರಟ ದೇಶಕ್ಕೆ ಇಷ್ಟು ಸಣ್ಣ ಸ್ಫೋಟ ಸಾಲದು. 2006ರ ಅಕ್ಟೋಬರ್ 9ರ ಉತ್ತರ ಕೊರಿಯಾದ ಮೊದಲ ಪರೀಕ್ಷೆ ಒಂದು ಕಿಲೋಟನ್‌ನ ಆಸುಪಾಸಿನದು, ಎಲ್ಲೆಡೆ ಸಿಕ್ಕಿಬಿತ್ತು. ಅದರಿಂದ ಹೊರಬಿದ್ದ ವಿಕಿರಣಶೀಲ ಜೆನಾನ್ ಅನಿಲದ ಕುರುಹು ಸಿಕ್ಕಿದ್ದು ಕೆನಡಾದ ಯೆಲ್ಲೋನೈಫ್‌ನಲ್ಲಿ, ನಮ್ಮ ಸರಣಿಯ ಜೊತೆಗಾರ ಊರಿನಲ್ಲಿ. ಭೂಕಂಪಮಾಪಕಕ್ಕೆ ಒಂದು ಮಿತಿಯಿರುವುದು ಅಲ್ಲಿ ಗೊತ್ತಾಗುತ್ತದೆ: ಸ್ಫೋಟ ಎಂದು ಅದು ಹೇಳಬಲ್ಲದು, ಅಣು ಸ್ಫೋಟ ಎಂದು ಹೇಳಲು ಗಾಳಿಯಲ್ಲಿ ಕುರುಹು ಸಿಗಬೇಕು.

ಒಪ್ಪಂದದ ಹೊರಗಿನ ಸರಣಿ

1996ರಲ್ಲಿ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ, ಅಂದರೆ ಸಿಟಿಬಿಟಿ, ಬಂದಾಗ ಜಿನೀವಾದಲ್ಲಿ ರಾಯಭಾರಿ ಅರುಂಧತಿ ಘೋಷ್ ಭಾರತದ ಪರವಾಗಿ ಸಹಿ ನಿರಾಕರಿಸಿದರು. ಬಾಂಬ್ ಇಟ್ಟುಕೊಂಡವರು ಅದನ್ನು ಯಾವಾಗ ಬಿಡುತ್ತಾರೆ ಎಂಬ ಮಾತೇ ಒಪ್ಪಂದದಲ್ಲಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿತ್ತು. ಒಪ್ಪಂದ ಜಾರಿಗೆ ಬರಲು 44 ನಿರ್ದಿಷ್ಟ ದೇಶಗಳು ಸಹಿ ಹಾಕಿ ಅನುಮೋದಿಸಬೇಕು. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ. ಅಮೆರಿಕ ಮತ್ತು ಚೀನಾ ಸಹಿ ಹಾಕಿ ಅನುಮೋದಿಸಿಲ್ಲ. ರಷ್ಯಾ 2023ರ ನವೆಂಬರ್‌ನಲ್ಲಿ ತನ್ನ ಅನುಮೋದನೆಯನ್ನು ಹಿಂದಕ್ಕೆ ಪಡೆಯಿತು.

ಕಾಗದ ಹೀಗೆ ನಿಂತಿದ್ದರೂ ಪರೀಕ್ಷೆಗಳನ್ನು ಪತ್ತೆ ಮಾಡುವ ಅದರ ಜಾಲ ನಿಂತಿಲ್ಲ. 321 ಕೇಂದ್ರಗಳು ಮತ್ತು 16 ಪ್ರಯೋಗಾಲಯಗಳ ಯೋಜನೆಯ ಬಹುಪಾಲು ಕೆಲಸ ಮಾಡುತ್ತಿದೆ. ಯೆಲ್ಲೋನೈಫ್ ಅದರಲ್ಲಿದೆ, ವಾರಮುಂಗ ಇದೆ, ಎಸ್ಕ್‌ಡೇಲ್‌ಮ್ಯೂರ್ ಇದೆ. ಗೌರಿಬಿದನೂರು ಇಲ್ಲ.

ಸಹಿ ಹಾಕಬೇಕೋ ಬೇಡವೋ ಎಂಬುದು ದೆಹಲಿಯ ತೀರ್ಮಾನ. ದತ್ತಾಂಶ ಕೊಡುವುದಕ್ಕೆ ಸಹಿಯೇ ಬೇಕೆಂದೇನೂ ಇಲ್ಲ. 2004ರ ಸುನಾಮಿಯ ನಂತರ ಹೈದರಾಬಾದಿನ ಇನ್‌ಕಾಯ್ಸ್ ಕೇಂದ್ರ ಹಿಂದೂ ಮಹಾಸಾಗರದ ದೇಶಗಳಿಗೆಲ್ಲ ಎಚ್ಚರಿಕೆ ಕಳುಹಿಸುತ್ತಿದೆ. ಅದರಿಂದ ಯಾರ ಸಾರ್ವಭೌಮತ್ವಕ್ಕೂ ಧಕ್ಕೆಯಾಗಿಲ್ಲ. ಉತ್ತರ ಕೊರಿಯಾದಂಥ ಕಡೆಯ ಘಟನೆಗಳ ದಾಖಲೆಯನ್ನು ಗೌರಿಬಿದನೂರಿನಿಂದ ಆ ಜಾಲಕ್ಕೆ ಸ್ವಯಂಪ್ರೇರಿತವಾಗಿ ಕಳುಹಿಸಬಹುದು. ಪ್ರಸರಣವನ್ನು ವಿರೋಧಿಸುತ್ತೇವೆ ಎನ್ನುವ ದೇಶಕ್ಕೆ ಅದಕ್ಕಿಂತ ಅಗ್ಗದ ಸಾಕ್ಷಿ ಸಿಗದು.

ನಮ್ಮದೇ ಸ್ಫೋಟಗಳ ವಿಷಯದಲ್ಲಿ ಪ್ರಬಂಧಗಳಲ್ಲಿ ಅಲೆಯ ಚಿತ್ರ ಅಚ್ಚು ಹಾಕಿದರೆ ಸಾಲದು. ಚಿತ್ರದಿಂದ ಅಳೆಯಲು ಆಗುವುದಿಲ್ಲ. ಬೇಕಾದದ್ದು ಇಪ್ಪತ್ತು ಮಾಪಕಗಳ ಅಂಕಿಗಳು, ಪ್ರತಿ ಮಾಪಕದ ಮಾಪನಾಂಕ ನಿರ್ಣಯದ ವಿವರ, ಬಾವಿಗಳ ಆಳ ಮತ್ತು ಶಿಲೆಯ ಬಗೆ. ಬಾಂಬಿನ ವಿನ್ಯಾಸದ ಗುಟ್ಟು ಇದರಲ್ಲಿ ಯಾವುದೂ ಇಲ್ಲ. ಅಲೆ ಬಾಂಬಿನ ಹೊಟ್ಟೆಯೊಳಗಿನದನ್ನು ಹೇಳುವುದಿಲ್ಲ. ಮೊದಲು 1974ರ ಮೇ 18ರ ದಾಖಲೆಯನ್ನು ಬಿಡುಗಡೆ ಮಾಡಬಹುದು. ಅದಕ್ಕೆ ಐವತ್ತು ವರ್ಷ ದಾಟಿದೆ, 1998ರ ಲೆಕ್ಕವೂ ಅದರ ಮೇಲೆಯೇ ನಿಂತಿದೆ.